'ಶಲ್', 'ವಿಲ್' ಮತ್ತು 'ಒಯ್ಯಾವ್ರ ಅದೀವಿ': ಮುಂದಾಗುವುದನ್ನು ಹೇಳುವ ಕ್ರಿಯಾಪದಗಳ ಬಗ್ಗೆ ಒಂದು ಪ್ರಶ್ನೆ

ಮಾನ್ಯರೇ,

ಗುಳೇದಗುಡ್ಡದ ಹಿರಿಯ ನೇಕಾರರೊಬ್ಬರಿಗೆ ಬಂದ ಇಂಗ್ಲಿಷ್ ಪತ್ರವನ್ನು ಕನ್ನಡದಲ್ಲಿ ಹೇಳಲು ಹೋಗಿ ನಾನು ತಡವರಿಸಿದ ಸಂಗತಿಯನ್ನು ತಮ್ಮ ಮುಂದಿಡುತ್ತಿದ್ದೇನೆ. ಅವರ ಕೈಮಗ್ಗದ ಖಣಗಳನ್ನು ಕೊಳ್ಳುವ ಹೊರರಾಜ್ಯದ ವ್ಯಾಪಾರಿಗಳು ಅರ್ಧ ಮಾಲು ಒಯ್ದ ಮೇಲೆ, 'ವಿ ವಿಲ್ ಲಿಫ್ಟ್ ದಿ ಬ್ಯಾಲನ್ಸ್ ಸ್ಟಾಕ್ ಆಫ್ಟರ್ ದೀಪಾವಳಿ' ಎಂದು ಬರೆದಿದ್ದರು. ಉಳಿದ ಮಾಲನ್ನು ದೀಪಾವಳಿಯಾದ ಮೇಲೆ ಒಯ್ಯುತ್ತೇವೆ ಎಂದಿದ್ದಾರೆ ಎಂದು ನಾನು ಹೇಳಿದೆ. ಅವರು ಮಗ್ಗ ನಿಲ್ಲಿಸಿ ನನ್ನ ಮುಖ ನೋಡಿ, "ಸರ, ಒಯ್ತೀವಂತ ಮಾತ ಕೊಟ್ಟಾರೋ, ಒಯ್ಯಾವ್ರ ಅದೀವಿ ಅಂದಾರೋ, ಇಲ್ಲಾ ಒಯ್ಯಬೇಕಂತ ಕರಾರ ಐತೋ?" ಎಂದು ಕೇಳಿದರು. ಬಾಗಲಕೋಟೆಯಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ.

ನಮ್ಮ ಶಾಲೆಗಳಲ್ಲಿ ಹೇಳಿಕೊಟ್ಟ ಸೂತ್ರ ಎಲ್ಲರಿಗೂ ನೆನಪಿರುತ್ತದೆ. 'ಐ', 'ವಿ' ಬಂದಾಗ 'ಶಲ್', ಉಳಿದ ಕಡೆ 'ವಿಲ್'; ಆಜ್ಞೆ, ಸಂಕಲ್ಪ, ವಾಗ್ದಾನ ಹೇಳಬೇಕಾದಾಗ ಇದು ಅದಲುಬದಲು. ಈ ನಿಯಮವನ್ನು ಜಾನ್ ವಾಲಿಸ್ ಎಂಬ ಇಂಗ್ಲಿಷ್ ಗಣಿತಜ್ಞ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಕೊಟ್ಟಿದ್ದಾನೆ. ಆಡುವ ಜನ ಅದನ್ನು ಎಂದೂ ಪೂರ್ತಿಯಾಗಿ ಪಾಲಿಸಲಿಲ್ಲ. ಸ್ಕಾಟ್‌ಲೆಂಡ್ ಮತ್ತು ಐರ್ಲೆಂಡಿನಲ್ಲಿ 'ವಿಲ್ ಐ ಮೇಕ್ ದಿ ಟೀ' ಎಂದೇ ಕೇಳುತ್ತಾರೆ. ಅಮೆರಿಕದ ಆಡುಮಾತಿನಲ್ಲಿ 'ಶಲ್' ಅಪರೂಪ. ಆದ್ದರಿಂದ ಪತ್ರದಲ್ಲಿ 'ವಿ' ಪಕ್ಕದಲ್ಲಿ 'ವಿಲ್' ಇದೆ, ಹಾಗಾಗಿ ಇದು ದೃಢವಾದ ವಾಗ್ದಾನ ಎಂದು ಆ ಸೂತ್ರದ ಬಲದಿಂದ ನಾನು ಹೇಳಿದ್ದರೆ ನೇಕಾರರಿಗೆ ಸುಳ್ಳು ಭರವಸೆ ಕೊಟ್ಟಂತಾಗುತ್ತಿತ್ತು.

ಪದಗಳ ಮೂಲ ನೋಡಿದರೆ ಹೆಚ್ಚು ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ಶಲ್' ಎಂದರೆ ಸಲ್ಲಿಸಬೇಕಾದದ್ದು ಬಾಕಿ ಇರುವುದು, ಋಣದಲ್ಲಿರುವುದು. ಸಾಲ ಮತ್ತು ತಪ್ಪು ಎರಡನ್ನೂ ಹೇಳುವ ಜರ್ಮನ್ ಭಾಷೆಯ 'ಶುಲ್ಡ್' ಅದೇ ಬೇರಿನದು. 'ವಿಲ್' ಎಂದರೆ ಬಯಸುವುದು. ಅಂದರೆ ಒಂದರ ಹಿಂದೆ ಹೊರಗಿನ ಕಟ್ಟು ಇದೆ, ಇನ್ನೊಂದರ ಹಿಂದೆ ಒಳಗಿನ ಇಚ್ಛೆ ಇದೆ. ಈಗ 'ವಿಲ್' ಸವೆದು ಬರಿಯ ಮುಂದಿನ ಕಾಲದ ಗುರುತಾಗಿದೆಯಾದರೂ, 'ಶಲ್' ಕಾನೂನಿನ ಬರಹದಲ್ಲಿ ತನ್ನ ಹಳೆಯ ಭಾರವನ್ನು ಹೊತ್ತುಕೊಂಡೇ ನಿಂತಿದೆ. ನಮ್ಮ ಸಂವಿಧಾನದ ಮೊದಲ ಅನುಚ್ಛೇದದಲ್ಲಿ ಭಾರತವು ರಾಜ್ಯಗಳ ಒಕ್ಕೂಟ 'ಶಲ್ ಬಿ' ಎಂದಿರುವುದು ನಾಳೆಯ ಮಾತಲ್ಲ, ವಿಧಿ. ನಮ್ಮ ಕಾನೂನು ಕನ್ನಡ ಇಂತಲ್ಲಿ 'ತಕ್ಕದ್ದು' ಎನ್ನುತ್ತದೆ: ಕೊಡತಕ್ಕದ್ದು, ಹಾಜರಾಗತಕ್ಕದ್ದು. ಇದು ಯೋಗ್ಯವಾಗು, ಒಪ್ಪು ಎಂಬ ಅರ್ಥದ 'ತಗು' ಧಾತುವಿನಿಂದ ಬಂದದ್ದು. ಇಂಗ್ಲಿಷಿನವರು ಋಣದಿಂದ ಕಟ್ಟಿದ ಕಟ್ಟಳೆಯನ್ನು ನಾವು ಯೋಗ್ಯತೆಯಿಂದ ಕಟ್ಟಿದ್ದೇವೆ ಎಂಬುದು ನನಗೆ ಬಹಳ ಹಿಡಿಸಿದ ವಿಷಯ.

ಹಾಗೆಂದು 'ಶಲ್' ಕಂಡಲ್ಲೆಲ್ಲ ಕಡ್ಡಾಯ ಎನ್ನಲಾಗದು. ಲೋಕಸೇವಾ ಆಯೋಗದೊಡನೆ ಸಮಾಲೋಚಿಸುವ ಕುರಿತು 320ನೆಯ ಅನುಚ್ಛೇದದಲ್ಲಿರುವ 'ಶಲ್' ಕಡ್ಡಾಯವಲ್ಲ, ನಿರ್ದೇಶಕ ಮಾತ್ರ, ಅಂದರೆ ಪಾಲಿಸದಿದ್ದರೂ ಕ್ರಮ ಅಸಿಂಧುವಾಗದು, ಎಂದು ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಹೇಳಿತು. ಇಂಥ ಗೊಂದಲದಿಂದಾಗಿಯೇ ಅಮೆರಿಕದವರು ತಮ್ಮ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳನ್ನು 2007ರಲ್ಲಿ ಹೊಸದಾಗಿ ಬರೆಯುವಾಗ 'ಶಲ್' ತೆಗೆದು, ಕಡ್ಡಾಯವಿದ್ದಲ್ಲಿ 'ಮಸ್ಟ್' ಎಂದು ಬರೆದರು.

ಇನ್ನು ಮೂರನೆಯದು, 'ಬಿ ಗೋಯಿಂಗ್ ಟು'. ಈಗಾಗಲೇ ನಿಶ್ಚಯಿಸಿಕೊಂಡದ್ದಕ್ಕೂ, ಕಣ್ಣ ಮುಂದಿನ ಕುರುಹಿನಿಂದ ಊಹಿಸಿದ್ದಕ್ಕೂ ಇಂಗ್ಲಿಷಿನಲ್ಲಿ ಇದೊಂದೇ ರೂಪ. ನಮ್ಮ ಸೀಮೆಯ ಮಾತು ಇವೆರಡನ್ನೂ ಬೇರೆ ಇಡುತ್ತದೆ. ಮೋಡ ಕಪ್ಪಾಗಿದ್ದರೆ 'ಮಳಿ ಬರೂ ಹಂಗೈತಿ' ಎನ್ನುತ್ತೇವೆ. ಪ್ರಯಾಣ ನಿಶ್ಚಯವಾಗಿದ್ದರೆ 'ನಾಳಿ ವಿಜಾಪುರಕ್ಕ ಹೋಗಾಂವ ಅದೀನಿ' ಎನ್ನುತ್ತೇವೆ, ಹೆಣ್ಣುಮಕ್ಕಳು 'ಹೋಗಾಕಿ ಅದೀನಿ' ಎನ್ನುತ್ತಾರೆ. ಆದರೆ ಬಾಗಿಲಲ್ಲಿ ನಿಂತವರು ಕರೆದಾಗ ಆ ಕ್ಷಣದಲ್ಲಿ ಮನಸ್ಸು ಮಾಡಿ ಕೊಡುವ ಉತ್ತರ 'ಬರ್ತೀನಿ ತಡೀರಿ' ಎಂದು, 'ಬರಾಂವ ಅದೀನಿ' ಎಂದಲ್ಲ. ಇಂಗ್ಲಿಷಿನಲ್ಲೂ ಇಲ್ಲಿ 'ವಿಲ್' ಬರುತ್ತದೆ, 'ಗೋಯಿಂಗ್ ಟು' ಬರುವುದಿಲ್ಲ. ಒಪ್ಪಿಗೆ ಕೇಳುವ 'ಶಲ್ ಐ' ಎಂಬುದಕ್ಕೆ 'ಚಾ ತರ್ಲೇನ್ರಿ' ಇದ್ದೇ ಇದೆ. ವಿದ್ಯಾರ್ಥಿಗಳಿಗೆ ನಾನು ಈಗ 'ಐ', 'ವಿ'ಗೆ 'ಶಲ್' ಎಂಬ ಸೂತ್ರ ಬಿಟ್ಟು ಈ ನಾಲ್ಕು ಮಾತುಗಳಿಂದಲೇ ಪಾಠ ಆರಂಭಿಸುತ್ತಿದ್ದೇನೆ, ಮತ್ತು ಅವರು ತಪ್ಪುವುದು ಕಡಿಮೆಯಾಗಿದೆ.

ತೊಡಕು ಉಳಿದಿರುವುದು ಬರಹದ ಕನ್ನಡದಲ್ಲಿ. 'ಒಯ್ಯುತ್ತೇವೆ' ಎಂಬುದು ರೂಢಿಯನ್ನೂ, ವಾಗ್ದಾನವನ್ನೂ, ಬರಿಯ ನಾಳೆಯನ್ನೂ ಹೇಳಬಲ್ಲದು. ನೇಕಾರರ ಪ್ರಶ್ನೆ ಹುಟ್ಟಿದ್ದು ಇದರಿಂದಲೇ. ಪತ್ರಿಕೆಗಳ 'ಲಿದ್ದಾರೆ' ರೂಪ, ಸಚಿವರು ಭೇಟಿ ನೀಡಲಿದ್ದಾರೆ ಎಂಬಲ್ಲಿಯದು, ನಿಶ್ಚಿತ ಕಾರ್ಯಕ್ರಮಕ್ಕೆ ಸರಿಹೊಂದುತ್ತದೆಯಾದರೂ ಪ್ರಕಟಣೆಯ ಧಾಟಿ ಅದಕ್ಕೆ ಅಂಟಿಕೊಂಡಿದೆ. 'ಒಯ್ಯುವವರಿದ್ದೇವೆ' ಎಂದು ಬರೆದರೆ ನಮ್ಮ ಆಡುಮಾತಿನ ಅರ್ಥ ಪೂರ್ತಿ ಬರುತ್ತದೆ, ಮತ್ತು ವ್ಯಕ್ತಿಗಳ ಮಾತಾದಾಗ ನಾನು ಇದನ್ನೇ ಆರಿಸುತ್ತೇನೆ. ಆದರೆ ಕರ್ತೃಪದ ಒಂದು ಸಂಘವೋ ಕಂಪನಿಯೋ ಆದಾಗ ಅದೇ ರೂಪ 'ಸಂಘವು ಮಾಲು ಒಯ್ಯುವುದಿದೆ' ಎಂದಾಗಿ, ಒಯ್ಯುವ ಕೆಲಸ ಬಾಕಿ ಇದೆ ಎಂಬ ಬೇರೆ ಅರ್ಥಕ್ಕೆ ಜಾರುತ್ತದೆ.

ಕೊನೆಗೆ ನೇಕಾರರಿಗೆ, ಪತ್ರದಲ್ಲಿರುವುದು ವ್ಯಾಪಾರಿಗಳ ಇಚ್ಛೆ, ಕರಾರಲ್ಲ ಎಂದು ತಿಳಿಸಿ, ಮುಂದಿನ ಒಪ್ಪಂದದ ಕರಡಿನಲ್ಲಿ 'ಒಯ್ಯತಕ್ಕದ್ದು' ಎಂಬ ಪದವನ್ನೂ ಒಯ್ಯಬೇಕಾದ ತಾರೀಖನ್ನೂ ಸೇರಿಸಿ ಕೊಟ್ಟೆ. ಅವರು ಆ ಪದದ ಕೆಳಗೆ ಉಗುರಿನಿಂದ ಗೆರೆ ಎಳೆದು, ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡರು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಸಂಸ್ಥೆಯೊಂದು ಕರ್ತೃವಾಗಿರುವಾಗ, ಕಟ್ಟುಪಾಡಿನ ಅರ್ಥ ಬಾರದಂತೆ ಬರಿಯ ನಿಶ್ಚಿತ ಉದ್ದೇಶವನ್ನು ತಿಳಿಸಲು 'ಒಯ್ಯಲಿದೆ' ಎಂಬುದನ್ನು ಬಿಟ್ಟು ಬೇರೆ ರೂಪ ಬಳಕೆಯಲ್ಲಿದೆಯೇ? ಅಥಣಿ, ಗೋಕಾಕ ಕಡೆಯವರು ಮತ್ತು ಇಂಡಿ, ಸಿಂದಗಿ ಕಡೆಯವರು ತಮ್ಮ ಮನೆಯಲ್ಲಿ ಇದನ್ನು ಹೇಗೆ ಆಡುತ್ತಾರೆ ಎಂಬುದನ್ನು ಒಂದೊಂದು ಪೂರ್ತಿ ವಾಕ್ಯದೊಡನೆ ಬರೆದು ತಿಳಿಸಬೇಕೆಂದು ಕೋರುತ್ತೇನೆ.