ಡಿ800 ಕೊಳ್ಳಲಾ, ಡಿ800ಇ ಕೊಳ್ಳಲಾ? ಆ ಫಿಲ್ಟರ್‌ನಿಂದ ಶಾರ್ಪ್‌ನೆಸ್ ಎಷ್ಟು ಹೋಗುತ್ತದೆ?

ಹಕ್ಕಿಪ್ರಿಯ:
ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ನಿಕಾನ್ ಕ್ಯಾಮೆರಾ ಬಾಡಿ ಸಿಕ್ಕಿವೆ, ಡಿ800 ಮತ್ತು ಡಿ800ಇ. ಎರಡೂ 2012ರ ಮಾಡೆಲ್, ಎರಡೂ 36 ಮೆಗಾಪಿಕ್ಸೆಲ್. ಇ ಮಾಡೆಲ್‌ಗೆ ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ಅದರಲ್ಲಿ ಆ್ಯಂಟಿ-ಏಲಿಯಾಸಿಂಗ್ ಫಿಲ್ಟರ್‌ನ (ಬೆಳಕು ಹಿಡಿಯುವ ಸೆನ್ಸರ್‌ನ ಮುಂದೆ ಕೂರುವ ತೆಳು ಪದರ) ಕಾಟ ಇಲ್ಲ, ಫೋಟೋ ಇನ್ನೂ ಶಾರ್ಪ್ ಅಂತೆ. ನಾನು ರಂಗನತಿಟ್ಟಿನಲ್ಲಿ ಹಕ್ಕಿ ತೆಗೆಯುತ್ತೇನೆ, ಜೊತೆಗೆ ನೆಂಟರ ಮದುವೆಗಳು. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದೆಯಾ?

ನೇಯ್ಗೆ ಫೋಟೋ:
ಇದೆ ಸರ್. ಆದರೆ ನಿಮಗೆ ಡಿ800 ಸಾಕು.

ನಾನು ಸೀರೆ ಅಂಗಡಿಗಳಿಗೆ ಫೋಟೋ ತೆಗೆಯುವವನು. ಫಿಲ್ಟರ್ ಇಲ್ಲದ ಕ್ಯಾಮೆರಾ ಮೊದಲ ಸಲ ತಗೊಂಡಾಗ ಇಳಕಲ್ ಸೀರೆಗಳ ಕೆಲಸ ಬಂತು. ಕಡು ನೀಲಿ ಒಡಲು, ಸಣ್ಣ ಚೌಕಳಿ. ಕ್ಯಾಮೆರಾದ ಹಿಂದಿನ ಸ್ಕ್ರೀನಿನಲ್ಲಿ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಹಿಗ್ಗಿಸಿ ನೋಡಿದರೆ ಒಡಲಿನ ತುಂಬ ಹಸಿರು, ಗುಲಾಬಿ ಅಲೆಗಳು. ಸೀರೆಯಲ್ಲಿ ಇಲ್ಲವೇ ಇಲ್ಲದ ಬಣ್ಣ! ಕೊಳ್ಳುವವರು ಮೊದಲು ನೋಡುವುದೇ ಬಣ್ಣ, ಅಲ್ವಾ? ಅಷ್ಟೂ ಸೀರೆ ಮತ್ತೆ ತೆಗೆದೆ.

ಇದಕ್ಕೇ ಮೋರೆ (moiré) ಅನ್ನುವುದು. ಸೊಳ್ಳೆ ಪರದೆ ಎರಡು ಪದರ ಒಂದರ ಮೇಲೊಂದು ಬಿದ್ದರೆ ಅಲೆ ಅಲೆಯಾಗಿ ಕಾಣುತ್ತದಲ್ಲ, ಹಾಗೆ. ಇಲ್ಲಿ ಒಂದು ಪರದೆ ನೇಯ್ಗೆ, ಇನ್ನೊಂದು ಸೆನ್ಸರ್‌ನ ಪಿಕ್ಸೆಲ್ ಸಾಲು. ಒಂದೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನೇ ನೋಡುತ್ತದೆ. ಮಿಕ್ಕ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಅಂದಾಜು ಮಾಡಬೇಕು. ನೂಲು ಪಿಕ್ಸೆಲ್‌ನಷ್ಟೇ ಸಣ್ಣದಾದರೆ ಅಂದಾಜು ತಪ್ಪುತ್ತದೆ. ಅದನ್ನು ತಡೆಯಲು ಫಿಲ್ಟರ್ ಬೆಳಕಿನ ಒಂದು ಚುಕ್ಕೆಯನ್ನು ನಾಲ್ಕಾಗಿ ಸೀಳಿ ಪಕ್ಕದ ಪಿಕ್ಸೆಲ್‌ಗಳಿಗೂ ಹಂಚುತ್ತದೆ. ಫೋಟೋ ಒಂಚೂರು ಮೆತ್ತಗಾಗುವುದು ಅದಕ್ಕೇ. ಡಿ800ಇಯಲ್ಲಿ ಒಂದು ಪದರ ಸೀಳಿದ್ದನ್ನು ಇನ್ನೊಂದು ಪದರ ಮತ್ತೆ ಕೂಡಿಸುತ್ತದೆ.

ಆ ಮೆತ್ತಗಾಗಿದ್ದನ್ನು ಕಂಪ್ಯೂಟರಿನಲ್ಲಿ ಶಾರ್ಪನಿಂಗ್ ಸ್ವಲ್ಪ ಏರಿಸಿ ಬಹುಪಾಲು ವಾಪಸ್ ತರಬಹುದು. ಬಣ್ಣದ ಅಲೆ ಹಾಗಲ್ಲ. ಬ್ರಷ್‌ನಿಂದ ಒರೆಸಲು ಹೋದರೆ ಅಂಚಿನ ಬಣ್ಣವೂ ಮಾಸುತ್ತದೆ. ಮದುವೆಮನೆಯಲ್ಲಿ ಸಣ್ಣ ಗೆರೆಯ ಶರ್ಟು, ರೇಷ್ಮೆ ಸೀರೆ ಎಷ್ಟಿರುತ್ತವೆ ನೋಡಿ. ಇನ್ನು ಹಕ್ಕಿ ವಿಷಯ. ಅಲ್ಲಾಡುವ ದೋಣಿಯಲ್ಲಿ ಕೂತು ಟೆಲಿ ಲೆನ್ಸ್ ಹಿಡಿದಾಗ ಕೈನಡುಕ, ಫೋಕಸ್ ತಪ್ಪುವುದು, ಇವು ಫಿಲ್ಟರ್‌ಗಿಂತ ಎಷ್ಟೋ ಜಾಸ್ತಿ ಶಾರ್ಪ್‌ನೆಸ್ ತಿನ್ನುತ್ತವೆ. ಉಳಿದ ದುಡ್ಡಿಗೆ ಒಳ್ಳೆಯ ಮೊನೊಪಾಡ್ (ಒಂಟಿಕಾಲಿನ ಸ್ಟ್ಯಾಂಡ್) ತಗೊಳ್ಳಿ.

ಬಂಡೆ ಬೆಟ್ಟ:
ನಾನು ಇ ಪರ. ಹಂಪಿಯ ಬಂಡೆಗಳನ್ನು ಟ್ರೈಪಾಡ್ ಮೇಲೆ ಎಫ್/5.6ರಲ್ಲಿ (ಲೆನ್ಸಿನ ಕಿಂಡಿಯ ಅಳತೆ) ತೆಗೆದರೆ ಕಲ್ಲಿನ ಹರಳು ಹರಳೂ ಬಿಡಿಬಿಡಿಯಾಗಿ ಕಾಣುತ್ತದೆ. ಬಂಡೆಯಲ್ಲಿ ಒಂದೇ ಅಳತೆಯ ಗೆರೆ ಇರುವುದಿಲ್ಲ, ಮೋರೆಯ ಭಯ ಕಡಿಮೆ. ನಿಕಾನ್ ಕೂಡ 2014ರ ಡಿ810ನಲ್ಲಿ ಈ ಫಿಲ್ಟರ್ ಪೂರ್ತಿ ಬಿಟ್ಟಿತು. ಪೆಂಟಾಕ್ಸ್ ಕಂಪನಿಯ ಕೆ-3 ಕ್ಯಾಮೆರಾದಲ್ಲಂತೂ ಬೇಕಾದಾಗ ಮಾತ್ರ ಸೆನ್ಸರನ್ನೇ ಸಣ್ಣಗೆ ನಡುಗಿಸಿ ಫಿಲ್ಟರ್‌ನ ಕೆಲಸ ಮಾಡಿಸಬಹುದು.

ನೇಯ್ಗೆ ಫೋಟೋ:
ಬಂಡೆಗೆ ನಿಮ್ಮ ಮಾತು ಸರಿ. ಆದರೆ ಎಫ್/11 ದಾಟಿದರೆ ಡಿಫ್ರ್ಯಾಕ್ಷನ್ನೇ (ಸಣ್ಣ ಕಿಂಡಿಯಲ್ಲಿ ನುಗ್ಗಿದ ಬೆಳಕು ಹರಡಿಕೊಳ್ಳುವುದು) ಎರಡು ಕ್ಯಾಮೆರಾಗಳನ್ನೂ ಹೆಚ್ಚುಕಡಿಮೆ ಸಮ ಮಾಡಿಬಿಡುತ್ತದೆ.

ಹಕ್ಕಿಪ್ರಿಯ:
ಹೆಜ್ಜಾರ್ಲೆಯ ಗರಿಯಲ್ಲೂ ಮೋರೆ ಬರುತ್ತದಾ ಸರ್?

ನೇಯ್ಗೆ ಫೋಟೋ:
ಬರಬಹುದು, ಗರಿಯ ಎಳೆಗಳೂ ಒಂದೇ ಅಳತೆಯಲ್ಲಿ ಸಾಲಾಗಿ ಇರುತ್ತವೆ. ಜೂಮ್ ಸ್ವಲ್ಪ ಬದಲಿಸಿ ಇನ್ನೊಂದೆರಡು ತೆಗೆದಿಟ್ಟುಕೊಳ್ಳಿ. ನಾನು ಸೀರೆಗೂ ಈಗ ಹಾಗೇ ಮಾಡುವುದು, ಒಂದು ಹೆಜ್ಜೆ ಹಿಂದೆ ಹೋಗಿ ಇನ್ನೊಂದು ಕ್ಲಿಕ್.