ಗೂಗಲ್ ಶೀಟಿನಿಂದ ಆರ್‌ಗೆ ದತ್ತಾಂಶ: ಸಂಖ್ಯಾಶಾಸ್ತ್ರಜ್ಞರೊಂದಿಗೆ ಪ್ರಶ್ನೋತ್ತರ

ಕಾಲೇಜು ಅಧ್ಯಾಪಕ: ಶೀಟಿನ ಕೊಂಡಿಯನ್ನು ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ರೀಡ್.ಸಿಎಸ್‌ವಿ ಆಜ್ಞೆಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಿಎಸ್‌ವಿ ಕಡತ ಓದುವ ಆಜ್ಞೆ) ಕೊಟ್ಟರೆ ಅಂಕಿಗಳ ಬದಲು ಎಚ್‌ಟಿಎಂಎಲ್ (ವೆಬ್ ಪುಟದ ಸಂಕೇತ) ಸಾಲುಗಳು ಬರುತ್ತಿವೆ. ಏನು ಮಾಡಲಿ?

ಸಂಖ್ಯಾಶಾಸ್ತ್ರಜ್ಞೆ: ನೀವು ಕೊಟ್ಟಿರುವುದು ಶೀಟನ್ನು ತಿದ್ದುವ ಪುಟದ ವಿಳಾಸ. ಕೊನೆಯಲ್ಲಿರುವ 'ಎಡಿಟ್' ತೆಗೆದು 'ಎಕ್ಸ್‌ಪೋರ್ಟ್?ಫಾರ್ಮ್ಯಾಟ್=ಸಿಎಸ್‌ವಿ' ಎಂದು ಹಾಕಿ, ಬೇಕಾದ ಹಾಳೆಯ ಜಿಐಡಿ (ಗುರುತಿನ) ಸಂಖ್ಯೆಯನ್ನೂ ಸೇರಿಸಿ. ಶೀಟು ಖಾಸಗಿಯಾಗಿದ್ದರೆ ಆರ್‌ಗೆ ಸೇರಿಸಿಕೊಳ್ಳುವ ಗೂಗಲ್‌ಶೀಟ್ಸ್4 ಪ್ಯಾಕೇಜಿನಲ್ಲಿ ಲಾಗಿನ್ ಆಗಿ ರೀಡ್_ಶೀಟ್ ಬಳಸಿ.

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ: ಜ್ವರ ಶುರುವಾದ ದಿನ, ಆಸ್ಪತ್ರೆಗೆ ಸೇರಿದ ದಿನ ಎಂದು ಎರಡು ಕಾಲಂಗಳಿವೆ. ವ್ಯತ್ಯಾಸ ತೆಗೆದರೆ ಕೆಲವರಿಗೆ 92 ದಿನ, ಕೆಲವರಿಗೆ ಋಣ ಸಂಖ್ಯೆ ಬರುತ್ತಿದೆ. ಒಬ್ಬರ ಸಲಹೆಯಂತೆ ಶೀಟಿನ ಲೊಕೇಲನ್ನು (ದಿನಾಂಕದ ಕ್ರಮ ನಿರ್ಧರಿಸುವ ದೇಶದ ಸೆಟ್ಟಿಂಗ್) ಭಾರತಕ್ಕೆ ಬದಲಿಸಿದೆ, ಸರಿಯಾಗಲಿಲ್ಲ. ಓದಿಸಲು ಸುಲಭವಾಗಲೆಂದು 'ಪಬ್ಲಿಷ್ ಟು ವೆಬ್' ಕೂಡ ಮಾಡಿದ್ದೇನೆ.

ಸಂಖ್ಯಾಶಾಸ್ತ್ರಜ್ಞೆ: ಮೊದಲು ಆ ಪ್ರಕಟಣೆಯನ್ನು ನಿಲ್ಲಿಸಿ, ಈಗಲೇ. ಕೊಂಡಿ ಸಿಕ್ಕ ಯಾರು ಬೇಕಾದರೂ ನಿಮ್ಮ ರೋಗಿಗಳ ವಿವರವನ್ನು ಓದಬಹುದು.

ಇನ್ನು ದಿನಾಂಕ. ಶೀಟು ತಿಂಗಳು ಮೊದಲು ಬರುವ ಅಮೆರಿಕದ ಲೊಕೇಲಿನಲ್ಲಿದ್ದಾಗ ನೀವು ಏಪ್ರಿಲ್ 3 ಎಂದುಕೊಂಡು 03/04/2024 ಟೈಪ್ ಮಾಡಿದರೆ ಅದು ಮಾರ್ಚ್ 4 ಆಗಿ ಉಳಿಯುತ್ತದೆ. ಏಪ್ರಿಲ್ 6ರ ದಾಖಲಾತಿ ಜೂನ್ 4 ಆಗುತ್ತದೆ. ಮೂರು ದಿನದ ಅಂತರ 92 ಆದದ್ದು ಹೀಗೆ. 13/04/2024 ಎಂದು ಬರೆದರೆ ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ಅದು ಬರೀ ಪಠ್ಯವಾಗಿ ನಿಲ್ಲುತ್ತದೆ. ಕಾಲಂ ನೋಡಿ: ದಿನಾಂಕವಾದದ್ದು ಬಲಕ್ಕೆ, ಪಠ್ಯವಾದದ್ದು ಎಡಕ್ಕೆ ಅಂಟಿಕೊಂಡಿರುತ್ತದೆ.

ಲೊಕೇಲ್ ಬದಲಿಸಿದರೆ ತೋರಿಕೆ ಮಾತ್ರ ಬದಲಾಗುತ್ತದೆ, ಒಳಗಿರುವ ಮಾರ್ಚ್ 4 ಏಪ್ರಿಲ್ 3 ಆಗುವುದಿಲ್ಲ. ಶೀಟಿನ ಪ್ರತಿ ಮಾಡಿಕೊಂಡು ಆ ಪ್ರತಿಯ ಲೊಕೇಲನ್ನು ಮತ್ತೆ ಅಮೆರಿಕಕ್ಕೆ ತನ್ನಿ. ಸಿಎಸ್‌ವಿ ಇಳಿಸಿದರೆ ಕಣ್ಣಿಗೆ ಕಾಣುವ ರೂಪವೇ ಬರುತ್ತದೆ, ಅಂದರೆ ನೀವು ಟೈಪ್ ಮಾಡಿದ ಕ್ರಮ. ಎರಡೂ ಕಾಲಂಗಳನ್ನು ಪಠ್ಯವಾಗಿ ಓದಿಸಿ, ಲುಬ್ರಿಡೇಟ್ ಪ್ಯಾಕೇಜಿನ ಡಿಎಂವೈ ಆಜ್ಞೆಯಿಂದ ದಿನ-ತಿಂಗಳು-ವರ್ಷವಾಗಿ ಪರಿವರ್ತಿಸಿ.

ನನಗೆ ಆತಂಕವಿರುವುದು ಲೊಕೇಲ್ ಬದಲಿಸಿದ ಮೇಲೆ ತುಂಬಿದ ಸಾಲುಗಳ ಬಗ್ಗೆ. ಅವು ಒಳಗೆ ಸರಿಯಾಗಿವೆ, ಈ ವಿಧಾನದಲ್ಲಿ ಅವುಗಳ ದಿನ-ತಿಂಗಳೇ ಅದಲುಬದಲಾಗುತ್ತವೆ. ವರ್ಷನ್ ಹಿಸ್ಟರಿ (ಶೀಟಿನ ಹಿಂದಿನ ಬದಲಾವಣೆಗಳ ದಾಖಲೆ) ತೆರೆದು ಅವನ್ನು ಬೇರೆ ಮಾಡಿ. ಆಮೇಲೆ ಪ್ರತಿ ಸಾಲನ್ನೂ ಆಸ್ಪತ್ರೆಯ ರಿಜಿಸ್ಟರಿನೊಂದಿಗೆ ತಾಳೆ ನೋಡಲೇಬೇಕು.

ಸದಸ್ಯ, ಮೈಸೂರು: ಇಷ್ಟೆಲ್ಲ ಏಕೆ? ಬೇರೆ ಗುಂಪಿನಿಂದ ಬಂದ ಸಲಹೆ ಇದೆ: ಆರ್‌ನಲ್ಲಿ ದಿನಾಂಕವಾಗಿ ಪರಿವರ್ತಿಸಿ, ಮೌಲ್ಯವಿಲ್ಲದ (ಎನ್‌ಎ) ಸಾಲುಗಳನ್ನು ತೆಗೆಯುವ ಎನ್‌ಎ.ಒಮಿಟ್ ಕೊಡಿ, ತಪ್ಪು ಸಾಲುಗಳು ತಾವೇ ಹೋಗುತ್ತವೆ.

ಸಂಖ್ಯಾಶಾಸ್ತ್ರಜ್ಞೆ: ಹೋಗುವುದು ಸರಿಯಾದ ಸಾಲುಗಳು! ಪಠ್ಯವಾಗಿ ನಿಂತ ದಿನಾಂಕಗಳು ಎನ್‌ಎ ಆಗುವುದರಿಂದ 13ರಿಂದ 31ನೇ ತಾರೀಖಿನವರೆಗೆ ಬಂದ ರೋಗಿಗಳೆಲ್ಲ ಅಳಿಸಿಹೋಗಿ, ದಿನ-ತಿಂಗಳು ಅದಲುಬದಲಾದವರೇ ಉಳಿಯುತ್ತಾರೆ. ಈ ಸಲಹೆಯನ್ನು ದಯವಿಟ್ಟು ಇನ್ನೊಬ್ಬರಿಗೆ ಕಳುಹಿಸಬೇಡಿ.

ಸಂಶೋಧಕ, ಧಾರವಾಡ: ಮೊತ್ತದ ಕಾಲಂನಲ್ಲಿ ೧,೨೫,೦೦೦ ಎಂದು ಕನ್ನಡ ಅಂಕಿಗಳಿವೆ. ಎಲ್ಲವೂ ಎನ್‌ಎ ಆಗುತ್ತಿವೆ.

ಸಂಖ್ಯಾಶಾಸ್ತ್ರಜ್ಞೆ: ಚಾರ್‌ಟಿಆರ್ ಆಜ್ಞೆಯಿಂದ ೦೧೨೩೪೫೬೭೮೯ ಅನ್ನು 0123456789ಕ್ಕೆ ಬದಲಿಸಿ, ಜಿಸಬ್‌ನಿಂದ ಅಲ್ಪವಿರಾಮ ತೆಗೆಯಿರಿ, ನಂತರ ಆಸ್.ನ್ಯೂಮೆರಿಕ್. ವಿಂಡೋಸ್‌ನಲ್ಲಿ ಹಳೆಯ ಆರ್ ಇದ್ದರೆ ಕನ್ನಡ ಅಕ್ಷರಗಳು ಸಂಕೇತಗಳಾಗಿ ಕಾಣಬಹುದು. 2022ರ 4.2ನೇ ಆವೃತ್ತಿ ಅಥವಾ ನಂತರದ್ದನ್ನು ಹಾಕಿಕೊಳ್ಳಿ.

ಸದಸ್ಯೆ, ಶಿವಮೊಗ್ಗ: ಕೊಂಡಿ ಕೊಟ್ಟರೆ ಎಚ್‌ಟಿಎಂಎಲ್ ಬರುತ್ತಿದೆ, ಸಹಾಯ ಮಾಡಿ.

ಸಂಖ್ಯಾಶಾಸ್ತ್ರಜ್ಞೆ: ಮೊದಲ ಉತ್ತರ ಓದಿ.

ಸದಸ್ಯ, ಬೆಂಗಳೂರು: ಆರ್ ಬಿಟ್ಟು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ಬನ್ನಿ, ಈ ತಲೆನೋವೇ ಇರುವುದಿಲ್ಲ.

ಸದಸ್ಯ, ಮೈಸೂರು: ಪೈಥಾನ್ ಬಂದರೆ ಶೀಟಿನೊಳಗೆ ಕುಳಿತ ಮಾರ್ಚ್ 4 ಏಪ್ರಿಲ್ 3 ಆಗುತ್ತದೆಯೇ?

ಸದಸ್ಯ, ಬೆಂಗಳೂರು: ಎನ್‌ಎ.ಒಮಿಟ್ ಹೇಳಿಕೊಟ್ಟವರು ನನಗೆ ಪಾಠ ಮಾಡುವುದು ಬೇಡ.

ಸದಸ್ಯ, ಮೈಸೂರು: ವೈಯಕ್ತಿಕವಾಗಿ ಮಾತನಾಡಬೇಡಿ. ಸಲಹೆ ನನ್ನದಲ್ಲ, ಬಂದದ್ದನ್ನು ಹಾಕಿದೆ.

ಅಂಗವಿಕಲರ ಸಮೀಕ್ಷೆಯ ಕಾರ್ಯಕರ್ತೆ: ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ ಶೀಟನ್ನು ತಂತಾನೇ ಹೊಸದಾಗಿಸುವ ದಾರಿ ಇದೆಯೇ?

ಸದಸ್ಯ, ಬೆಂಗಳೂರು: ಮೈಸೂರಿನವರೇ, ಬಂದದ್ದನ್ನೆಲ್ಲ ಓದದೆ ಹಾಕುವುದರಿಂದಲೇ ಇಲ್ಲಿ ಗೊಂದಲ.

ಸಂಖ್ಯಾಶಾಸ್ತ್ರಜ್ಞೆ: ಇಬ್ಬರೂ ನಿಲ್ಲಿಸಿ. ಯಾವ ಭಾಷೆಯಲ್ಲಿ ಓದಿಸಿದರೂ ಶೀಟಿನಲ್ಲಿ ಕೆಟ್ಟದ್ದು ಕೆಟ್ಟದ್ದೇ. 2020ರಲ್ಲಿ ಮಾನವ ಜೀನ್‌ಗಳ ನಾಮಕರಣ ಸಮಿತಿ ಎಸ್‌ಇಪಿಟಿ1ರಂತಹ ಹೆಸರುಗಳನ್ನೇ ಬದಲಿಸಿತು, ಎಕ್ಸೆಲ್ ಅವನ್ನು ಸೆಪ್ಟೆಂಬರ್ 1 ಮಾಡುತ್ತಿತ್ತು ಎಂಬ ಕಾರಣಕ್ಕೆ.

ಸದಸ್ಯ, ತುಮಕೂರು: ಎಚ್‌ಟಿಎಂಎಲ್ ಸಾಲುಗಳು ಏಕೆ ಬರುತ್ತವೆ, ಮೇಡಂ?

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ: ಪ್ರಕಟಣೆ ನಿಲ್ಲಿಸಿದೆ. ನೀವು ಹೇಳಿದಂತೆ ಓದಿಸಿದಾಗ 92 ಬಂದ ಕಡೆ ಮೂರು ಬಂದಿದೆ. ಆದರೆ ಕೆಲವರ ರಿಜಿಸ್ಟರ್ ಪುಟವೇ ಸಿಗುತ್ತಿಲ್ಲ. ಅಂದಾಜಿನಿಂದ ತುಂಬಬಹುದೇ?

ಸಂಖ್ಯಾಶಾಸ್ತ್ರಜ್ಞೆ: ಬೇಡ. ಆ ದಿನಾಂಕಗಳನ್ನು ಖಾಲಿ ಬಿಡಿ, ಎಷ್ಟು ಮತ್ತು ಏಕೆ ಎಂಬುದನ್ನು ಪ್ರಬಂಧದ ವಿಧಾನ ವಿಭಾಗದಲ್ಲಿ ಬರೆಯಿರಿ. ಮೂಲ ಶೀಟನ್ನು ಅಳಿಸಬೇಡಿ, ಇನ್ನು ಯಾರೂ ಅದನ್ನು ತಿದ್ದದಂತೆ ಬೀಗ ಹಾಕಿ.