ದಪ್ಪ ಓರೆ ಸೆರಿಫ್ ಅಕ್ಷರ: ಕೊಳ್ಳುವುದೋ, ವಾಲಿಸುವುದೋ?

ಪ್ರಶ್ನೆ (ದಾವಣಗೆರೆ): ನಮ್ಮ ಸಹಕಾರ ಸಂಘದ ಸ್ಮರಣ ಸಂಚಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತಿದೆ. ಶೀರ್ಷಿಕೆಗಳು ದಪ್ಪ ಓರೆ ಸೆರಿಫ್ ಅಕ್ಷರದಲ್ಲಿ (ಗೆರೆಗಳ ತುದಿಯಲ್ಲಿ ಪುಟ್ಟ ಚಾಚುಗಳಿರುವ ಅಕ್ಷರದಲ್ಲಿ) ಇರಲಿ ಎಂಬುದು ಸಂಪಾದಕ ಮಂಡಳಿಯ ಬಯಕೆ. ಫಾಂಟ್ ಕೊಳ್ಳಬೇಕೇ, ಇರುವುದನ್ನೇ ಕಂಪ್ಯೂಟರಿನಲ್ಲಿ ವಾಲಿಸಿದರೆ ಸಾಕೇ?

ಮುದ್ರಕ, ಚಿತ್ರದುರ್ಗ: ಹೊರಗಿನ ವಿನ್ಯಾಸಕರೊಬ್ಬರು ವಾಲಿಸಿ ಕಳುಹಿಸಿದ ಪುಟಗಳಿಂದ ನಾನು ಅನುಭವಿಸಿದ ನಷ್ಟವನ್ನು ಕೇಳಿ. ಅಚ್ಚಿನ ಪ್ಲೇಟಿಗೆ ₹350ರಂತೆ ನಾಲ್ಕು ಬಣ್ಣದ ನಾಲ್ಕು ಪ್ಲೇಟಿಗೆ ₹1,400, ಹಾಳಾದ ಆರ್ಟ್ ಪೇಪರಿಗೆ ₹6,200, ಮರುಮುದ್ರಣದ ಕೂಲಿ ₹1,800. ಒಟ್ಟು ₹9,400 ನನ್ನ ಕೈಯಿಂದಲೇ ಹೋಯಿತು. ಪಾದರೇಖೆಯನ್ನು, ಅಂದರೆ ಅಕ್ಷರಗಳು ಕೂರುವ ಅಡಿಗೆರೆಯನ್ನು, ಹಿಡಿದು ವಾಲಿಸಿದಾಗ ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಕೆಳಗಿನ ಒತ್ತು ಎಡಕ್ಕೆ ಜಾರುತ್ತದೆ. ದಪ್ಪ ಅಕ್ಷರದಲ್ಲಿ ಮೊದಲೇ ಕಿರಿದಾದ ಒಳಬಯಲಿಗೆ (ಅಕ್ಷರದೊಳಗಿನ ಖಾಲಿ ಜಾಗಕ್ಕೆ) ಮಸಿ ಹರಡಿ ಮುಚ್ಚಿಹೋಗುತ್ತದೆ. ಇಂಗ್ಲಿಷಿನ ಭಾಗ ಇನ್ನೂ ಕೆಟ್ಟದಾಗಿತ್ತು. ಓರೆಯಾಗಿಯೇ ರೂಪಿಸಿದ ನಿಜವಾದ ಇಟಾಲಿಕ್‌ನಲ್ಲಿ ಸಣ್ಣ ‘a’ ಅಕ್ಷರದ ಆಕಾರವೇ ಬೇರೆ, ಸೆರಿಫ್‌ಗಳು ಲೇಖನಿಯ ಎಳೆತದಂತೆ ಬಾಗುತ್ತವೆ. ವಾಲಿಸಿದ್ದರಲ್ಲಿ ಅದಾವುದೂ ಇರುವುದಿಲ್ಲ.

ಅಕ್ಷರ ಬರೆಸಿದವರು, ದಾವಣಗೆರೆ: ನಮ್ಮದೊಂದು ಸಂಚಿಕೆಗೆ ನಾನು ಫಾಂಟ್ ಕೊಳ್ಳಲೂ ಇಲ್ಲ, ವಾಲಿಸಲೂ ಇಲ್ಲ. ಗೋಡೆಬರಹದಲ್ಲಿ ಪಳಗಿದ ಹಿರಿಯ ಕಲಾವಿದರಿಂದ ಶೀರ್ಷಿಕೆಗಳನ್ನು ಬರೆಸಿ, ಸ್ಕ್ಯಾನ್ ಮಾಡಿಸಿ, ಅಂಚುಗಳನ್ನು ವೆಕ್ಟರ್ ರೇಖೆಗಳಾಗಿ (ಎಷ್ಟು ಹಿಗ್ಗಿಸಿದರೂ ಒಡೆಯದ ಕಂಪ್ಯೂಟರ್ ರೇಖೆಗಳಾಗಿ) ತಿದ್ದಿಸಿದೆ. ಬರವಣಿಗೆಗೆ ₹4,000, ತಿದ್ದುವಿಕೆಗೆ ₹2,500. ಅಕ್ಷರ ಓರೆಯಾದರೂ ಒತ್ತು ತನ್ನ ಅಕ್ಷರದಡಿಯಲ್ಲೇ ನಿಂತಿದೆ, ಏಕೆಂದರೆ ಅದನ್ನು ಕಣ್ಣಳತೆಯಲ್ಲಿ ಕೂರಿಸಲಾಗಿದೆ. ಆ ಸಂಚಿಕೆಯನ್ನು ಇಂದಿಗೂ ಹೆಮ್ಮೆಯಿಂದ ತೋರಿಸುತ್ತೇನೆ.

ಪುಸ್ತಕ ವಿನ್ಯಾಸಕಿ, ದಾವಣಗೆರೆ: ಓರೆಯೇ ಏಕೆ ಬೇಕು ಎಂದು ಯಾರೂ ಕೇಳುತ್ತಿಲ್ಲವಲ್ಲ! 1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸ್ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಇಟಾಲಿಕ್‌ನಲ್ಲಿ ಅಚ್ಚು ಹಾಕಿದಾಗ, ಫ್ರಾನ್ಸೆಸ್ಕೊ ಗ್ರಿಫೊ ಕೊರೆದ ಆ ಅಕ್ಷರಗಳು ಅಂದಿನ ಕೈಬರಹದಿಂದ ಬಂದವು. ದೊಡ್ಡಕ್ಷರಗಳು ಆಗಲೂ ನೆಟ್ಟಗೇ ಇದ್ದವು. ಕನ್ನಡ ಅಚ್ಚಿಗೆ ಅಂಥ ಪರಂಪರೆಯಿಲ್ಲ. ‘ನೋಟೊ ಸೆರಿಫ್ ಕನ್ನಡ’ ಫಾಂಟಿನಲ್ಲಿ ದಪ್ಪವಿದೆ, ಓರೆಯಿಲ್ಲ; ‘ಟೀರೊ ಕನ್ನಡ’ ಫಾಂಟಿನಲ್ಲಿ ಓರೆಯಿದೆ, ದಪ್ಪವಿಲ್ಲ. ಎರಡೂ ಉಚಿತ. ನನ್ನ ಪುಸ್ತಕಗಳಲ್ಲಿ ಕನ್ನಡವನ್ನು ನೆಟ್ಟಗೆ ದಪ್ಪವಾಗಿಯೂ ಇಂಗ್ಲಿಷನ್ನು ಮಾತ್ರ ದಪ್ಪ ಇಟಾಲಿಕ್‌ನಲ್ಲಿಯೂ ಇಟ್ಟಿದ್ದೇನೆ. ಈ ನಿಲುವಿಗಾಗಿ ಒಬ್ಬ ಪ್ರಕಾಶಕರ ಕೆಲಸವನ್ನೇ ಬಿಟ್ಟೆ.

ಅಕ್ಷರ ಬರೆಸಿದವರು: ಪರಂಪರೆಯಿಲ್ಲವೆಂದರೆ ಹೇಗೆ? ನಮ್ಮ ಜಾತ್ರೆ, ನಾಟಕಗಳ ಗೋಡೆಬರಹದ ಓರೆ ಅಕ್ಷರಗಳನ್ನು ತಾವು ಕಂಡೇ ಇಲ್ಲವೇ? ಕುಂಚದ ಕೆಲಸವನ್ನು ಲೆಕ್ಕಕ್ಕೇ ಹಿಡಿಯದಿರುವುದು ಆ ಕಲಾವಿದರಿಗೆ ಮಾಡುವ ಅವಮಾನ.

ಪುಸ್ತಕ ವಿನ್ಯಾಸಕಿ: ನಾನು ಹೇಳಿದ್ದು ಅಚ್ಚಿನ ಮಾತು. ಮೂರಡಿ ಎತ್ತರದ ಗೋಡೆ ಅಕ್ಷರದ ನ್ಯಾಯ ಹದಿನೆಂಟು ಪಾಯಿಂಟಿನ, ಅಂದರೆ ಕಾಲಿಂಚಿನ, ಶೀರ್ಷಿಕೆಗೆ ಸಲ್ಲುವುದಿಲ್ಲ.

ಮುದ್ರಕ, ಚಿತ್ರದುರ್ಗ: ಬರೆಸಿದ ಶೀರ್ಷಿಕೆಯಲ್ಲಿ ಕೊನೆಯ ಗಳಿಗೆಗೆ ಒಂದು ಪದ ಬದಲಾದರೆ ಪ್ಲೇಟ್ ನಿಲ್ಲಿಸಿಕೊಂಡು ಕಾಯಬೇಕಾದವರು ನಾವು, ಆ ಖರ್ಚನ್ನು ₹6,500ರ ಲೆಕ್ಕದಲ್ಲಿ ತಾವು ಸೇರಿಸಿಲ್ಲ.

ಅಕ್ಷರ ಬರೆಸಿದವರು: ಪದ ಬದಲಾಗಲೇ ಇಲ್ಲ, ಸ್ವಾಮಿ. ಕರಡಿಗೆ ಮೊದಲೇ ಮಂಡಳಿಯ ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದೆ.